ವಿಳಾಸದಾರರಿಗೆ ತಲುಪದ ಪಾಲು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಯಾವುದೇ ಮೊಹಲ್ಲಾದಲ್ಲಿ ನಿವೃತ್ತ ಅಂಚೆ ನೌಕರರೊಬ್ಬರು ತೀರಿಕೊಂಡರೆ ಅವರ ಜನಾಝಕ್ಕೆ ಎಲ್ಲ ಸಮುದಾಯದವರೂ ಬರುತ್ತಾರೆ. ದುಡಿಯಲು ಗೋವಾಕ್ಕೆ ಹೋದ ಮಗ ಕಳಿಸಿದ ಮನಿಯಾರ್ಡರಿನ ಹಣವನ್ನು ಮುದಿತಾಯಿಯ ಕೈಗೆ ಎಣಿಸಿ ಕೊಟ್ಟವರು, ಅಕ್ಷರ ಬಾರದವರಿಗೆ ಪತ್ರ ಓದಿ ಹೇಳಿದವರು, ಬಡವನ ಮಗನಿಗೆ ಬಂದ ನೌಕರಿಯ ಆದೇಶವನ್ನು ಮಳೆಯಲ್ಲಿ ನೆನೆಯದಂತೆ ತಂದು ಮುಟ್ಟಿಸಿದವರು ಅವರೇ. ಹಳೆಯ ಮನಿಯಾರ್ಡರ್ ವ್ಯವಸ್ಥೆ 2015ರಲ್ಲಿ ಮುಗಿಯಿತು. ಟಪಾಲು ಚಾಚಾರ ಮೇಲಿನ ಜನರ ವಿಶ್ವಾಸ ಮಾತ್ರ ಮುಗಿಯಲಿಲ್ಲ.

ಇಂಥವರು ನಮ್ಮಲ್ಲಿ ಹೆಚ್ಚಿಲ್ಲ. 2006ರ ಸಾಚಾರ್ ಸಮಿತಿಯ ವರದಿಯಂತೆ ಅಂಚೆ ಇಲಾಖೆಯಲ್ಲಿ ಮುಸ್ಲಿಮರ ಪಾಲು ಶೇ. 5, 2001ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಶೇ. 13.4. ಈ ಅನ್ಯಾಯದ ಕುರಿತು ಆಳುವವರನ್ನು ಪ್ರಶ್ನಿಸುತ್ತಲೇ ಇರಬೇಕು. ಆದರೆ ಇಂದು ನಾವು ಪ್ರಶ್ನಿಸಬೇಕಾದುದು ನಮ್ಮನ್ನೇ. ಜೀವಮಾನವಿಡೀ ಅಮಾನತ್ ಕಾಪಾಡಿದ ಆ ಮನುಷ್ಯನ ಮರಣಾನಂತರ ನಾವು ಮಾಡುವುದಾದರೂ ಏನು?

ಜನಾಝ ಏಳುವ ಮುನ್ನವೇ ಅಳುತ್ತಿರುವ ವಿಧವೆಯ ಬಳಿ ಬಂದು 'ಮಹ್ರ್ ಮಾಫ್ ಮಾಡಿಬಿಡಮ್ಮಾ' ಎನ್ನುತ್ತೇವೆ. ಮಹ್ರ್ ಪತಿಯ ಮೇಲಿನ ಸಾಲ. ಅದನ್ನು ತೀರಿಸಬೇಕಾದುದು ಅವನು ಬಿಟ್ಟುಹೋದ ಆಸ್ತಿಯಿಂದ. ಆ ಗಳಿಗೆಯಲ್ಲಿ ಯಾವ ಹೆಣ್ಣು ತಾನೇ ಒಲ್ಲೆ ಎಂದಾಳು? ಬಳಿಕ ಜಿಯಾರತ್, ನಲವತ್ತನೆಯ ದಿನದ ಊಟ, ಅದಕ್ಕಾಗಿ ಸಾಲ. ಜಅ್‌ಫರ್(ರ) ಮುಅ್‌ತದಲ್ಲಿ ಹುತಾತ್ಮರಾದಾಗ ಅವರ ಮನೆಯವರಿಗೆ ಅಡುಗೆ ಮಾಡಿಕೊಡುವಂತೆ ಪ್ರವಾದಿ(ಸ)ರು ಇತರರಿಗೆ ಆದೇಶಿಸಿದ್ದರು. ನಾವೋ ಶೋಕದ ಮನೆಯವರಿಂದಲೇ ಬಿರಿಯಾನಿ ಬಡಿಸಿಕೊಳ್ಳುತ್ತೇವೆ!

ಇನ್ನೂ ದೊಡ್ಡ ಅನ್ಯಾಯ ಮುಂದಿದೆ. ಕೆಲವು ತಿಂಗಳಲ್ಲೇ ಹೆಣ್ಣುಮಕ್ಕಳನ್ನು ತವರಿಗೆ ಕರೆಸಿ, ಸೀರೆ ಉಡಿಸಿ, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲಾಗುತ್ತದೆ. ತಾಯಿಯ ಕುಟುಂಬ ಪಿಂಚಣಿಯ ಪಾಸ್‌ಬುಕ್ ಕೂಡ ಮಗನ ಕಪಾಟು ಸೇರುತ್ತದೆ. 'ಅವರೇ ಇಷ್ಟಪಟ್ಟು ಬಿಟ್ಟುಕೊಟ್ಟರು' ಎಂಬ ಸಮಜಾಯಿಷಿ ಬೇರೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿ ಒಪ್ಪಿಗೆಯಾಗುವುದು ಹೇಗೆ? 'ಮದುವೆಗೆ ಖರ್ಚು ಮಾಡಿದ್ದೇವಲ್ಲ' ಎನ್ನುವವರಿದ್ದಾರೆ. ಗಂಡುಮಕ್ಕಳ ಮದುವೆಯೇನು ಖರ್ಚಿಲ್ಲದೆ ಆಯಿತೇ? ಆಸ್ತಿ ಅಲ್ಪವಿರಲಿ, ಅಧಿಕವಿರಲಿ, ಅದರಲ್ಲಿ ಸ್ತ್ರೀಯರಿಗೂ ಪಾಲಿದೆಯೆಂದು ಸೂರಃ ಅನ್ನಿಸಾ ಸಾರುತ್ತದೆ. ಪಾಲನ್ನು ನಿಗದಿಪಡಿಸಿದವನು ಅಲ್ಲಾಹನು. ಅದನ್ನು ರದ್ದುಪಡಿಸಲು ಅಣ್ಣತಮ್ಮಂದಿರು ಯಾರು?

ಸ್ಥಳೀಯ ರೂಢಿಗಳು ಹೆಣ್ಣಿನ ಪಾಲನ್ನು ಕಸಿಯುತ್ತಿದ್ದುದು 1937ರ ಶರೀಅತ್ ಕಾಯ್ದೆಗೆ ಒಂದು ಮುಖ್ಯ ಕಾರಣವಾಗಿತ್ತು. 2024ರಲ್ಲಿ ಉತ್ತರಾಖಂಡ ಸಮಾನ ನಾಗರಿಕ ಸಂಹಿತೆಯ ಕಾಯ್ದೆ ಮಾಡಿದಾಗ 'ಶರೀಅತ್ ಅಪಾಯದಲ್ಲಿದೆ' ಎಂದೆವು. ನಮ್ಮ ಮನೆಗಳಲ್ಲಿ ಅದನ್ನು ಅಪಾಯಕ್ಕೊಡ್ಡಿದವರು ಯಾರು? ಶರೀಅತ್ತಿಗಾಗಿ ಬೀದಿಗಿಳಿಯುವವನು ತಂಗಿಯ ಪಾಲನ್ನು ನುಂಗಿದರೆ ಅವನ ಘೋಷಣೆಗೆ ಬೆಲೆಯೆಲ್ಲಿದೆ?

ನಮ್ಮ ಜಮಾಅತ್‌ಗಳು ಒಂದು ಕೆಲಸ ಮಾಡಲಿ. ಸಾವು ಸಂಭವಿಸಿದ ನಲವತ್ತು ದಿನಗಳೊಳಗೆ ಊಟದ ಬದಲು ವಾರಸುದಾರರನ್ನೆಲ್ಲ ಕೂಡಿಸಲಿ. ಸಾಲ, ಮಹ್ರ್, ವಸಿಯ್ಯತ್, ನಂತರ ಪ್ರತಿಯೊಬ್ಬರ ಪಾಲು- ಇದೇ ಕ್ರಮದಲ್ಲಿ ಬರೆದು ಎಲ್ಲರೆದುರು ಓದಿಸಲಿ. ಮರ್ಹೂಮರಿಗೆ ಇದಕ್ಕಿಂತ ದೊಡ್ಡ ಸ್ಮರಣೆ ಬೇರಿಲ್ಲ.

ತನ್ನದಲ್ಲದ ಹಣವನ್ನು ಅದರ ವಿಳಾಸದಾರರಿಗೆ ಮುಟ್ಟಿಸುತ್ತಲೇ ಅವರು ಬದುಕು ಸವೆಸಿದರು. ಅವರದೇ ಹಣವನ್ನು ಅವರ ಹೆಣ್ಣುಮಕ್ಕಳಿಗೆ ಮುಟ್ಟಿಸಲು ನಮಗೇಕೆ ಕೈ ಬರುತ್ತಿಲ್ಲ?