ಮನಸ್ಸಿನ ಕ್ರಮವೇ ಪಟ್ಟಿಯ ಕ್ರಮವಾಗಲಿ

ಕಳೆದ ಫೆಬ್ರುವರಿಯ ಕೊನೆಯ ವಾರ ನಾನು ಮಸ್ಕಿಯಲ್ಲಿದ್ದೆ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಬೆಳಕಿಗೆ ಬಂದ ಊರು ಎಂದು ಪಠ್ಯಪುಸ್ತಕಗಳಲ್ಲಿ ಓದಿದವರಿಗೆ ನೆನಪಿರಬಹುದು. ಅಲ್ಲಿ ನನ್ನ ತಮ್ಮನ ಮಗಳು ಲ್ಯಾಪ್‌ಟಾಪ್ ಎದುರು ಮಂಕಾಗಿ ಕುಳಿತಿದ್ದಳು. ಸರ್ಕಾರಿ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕದ ಪರೀಕ್ಷೆಗಳನ್ನು ಪಾಸು ಮಾಡಿ, ಅಲ್ಲಿನ ಐದು ಆಸ್ಪತ್ರೆಗಳಿಂದ ರೆಸಿಡೆನ್ಸಿ ಸಂದರ್ಶನ ಪಡೆದವಳು. ಒಂದೊಂದು ಪರೀಕ್ಷೆಗೂ ಸಾವಿರ ಡಾಲರ್ ಮೀರಿದ ಶುಲ್ಕ. ಅದಕ್ಕಾಗಿ ತಮ್ಮ ನಾಲ್ಕು ಎಕರೆ ಗದ್ದೆಯನ್ನು ಅಡವಿಟ್ಟಿದ್ದ. ಉಳಿದಿದ್ದ ಕೆಲಸ ಒಂದೇ: ಆ ಐದು ಆಸ್ಪತ್ರೆಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು?

ನ್ಯೂಜೆರ್ಸಿಯಲ್ಲಿರುವ ಅವಳ ಸೋದರಮಾವ ಆಗಲೇ ತೀರ್ಪು ಕೊಟ್ಟಾಗಿತ್ತು. ಸಿಗುವ ಭರವಸೆ ಹೆಚ್ಚಿರುವ ಸಣ್ಣ ಆಸ್ಪತ್ರೆಯನ್ನು ಮೊದಲು ಬರಿ, ಆಸೆಯದನ್ನು ಕೊನೆಗೆ ಹಾಕು ಎಂದು. ಅವಳಿಗೂ ಅದು ಸರಿಯೆನಿಸಿತ್ತು. "ದೊಡ್ಡಪ್ಪಾ, ಮೊದಲ್ನೇದು ನನಗ ಸಿಗಾಂಗಿಲ್ಲ ಅಂತ ಗೊತ್ತದ. ಗೊತ್ತಿದ್ದೂ ಅದನ್ನ ಮ್ಯಾಲ ಬರದು ಒಂದು ನಂಬರ್ ಯಾಕ ಹಾಳು ಮಾಡ್ಲಿ?"

ಈ ಪ್ರಶ್ನೆ ನನಗೆ ಹೊಸದಲ್ಲ. ಸೇವೆಯಲ್ಲಿದ್ದಾಗ ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್ ನಡೆಸಿದವನು ನಾನು. ಬೇಕಾದ ಊರನ್ನು ಕೇಳದೆ, ಸಿಗಬಹುದೆಂದು ತಾವೇ ಊಹಿಸಿದ ಊರನ್ನು ಕೇಳಿ, ಆಮೇಲೆ ಬೇಕಾದ ಊರು ಖಾಲಿಯೇ ಉಳಿದದ್ದನ್ನು ಕಂಡು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ನಮ್ಮ ಸಮಾಜಕ್ಕೆ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಅಭ್ಯಾಸ. ಮೊದಲು ಎಸೆದವನದು ಸೀಟು. ಅಮೆರಿಕದ ವ್ಯವಸ್ಥೆಯಲ್ಲಿ ಈ ಟವೆಲ್ ನಡೆಯುವುದಿಲ್ಲ. ಇದನ್ನು ಅರಿಯದೆ ಪ್ರತಿವರ್ಷ ಎಷ್ಟೋ ಜಾಣ ಮಕ್ಕಳು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳುತ್ತಾರೆ.

'ಮ್ಯಾಚ್' ಎಂದು ಕರೆಯಲಾಗುವ ಆ ವ್ಯವಸ್ಥೆ 1952ರಿಂದ ನಡೆದು ಬಂದಿದೆ. ಅಭ್ಯರ್ಥಿ ಆಸ್ಪತ್ರೆಗಳ ಪಟ್ಟಿ ಕೊಡುತ್ತಾನೆ, ಆಸ್ಪತ್ರೆ ಅಭ್ಯರ್ಥಿಗಳ ಪಟ್ಟಿ ಕೊಡುತ್ತದೆ, ಗಣಕಯಂತ್ರ ಎರಡನ್ನೂ ಹೊಂದಿಸುತ್ತದೆ. ಇದರ ಹಿಂದಿನ ಗಣಿತವನ್ನು ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ 1962ರಲ್ಲಿ ಮದುವೆಯ ಜೋಡಿಗಳನ್ನೂ ಕಾಲೇಜು ಪ್ರವೇಶವನ್ನೂ ಉದಾಹರಣೆಯಾಗಿಟ್ಟುಕೊಂಡು ವಿವರಿಸಿದರು. ಹಳೆಯ ವಿಧಾನ ಆಸ್ಪತ್ರೆಗಳ ಕಡೆಗೆ ವಾಲಿತ್ತು. ಆಲ್ವಿನ್ ರಾತ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಭ್ಯರ್ಥಿಯ ಆಯ್ಕೆಯಿಂದ ಆರಂಭವಾಗುವಂತೆ ಮರುರೂಪಿಸಿದರು. 1998ರ ಮ್ಯಾಚ್‌ನಿಂದ ಅದೇ ಜಾರಿಯಲ್ಲಿದೆ. 2012ರಲ್ಲಿ ಶೇಪ್ಲಿ ಮತ್ತು ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಆ ವೇಳೆಗೆ ಬದುಕಿರಲಿಲ್ಲ.

ಕೆಲಸ ನಡೆಯುವ ಬಗೆ ಹೀಗೆ. ಯಂತ್ರ ಮೊದಲು ನಿಮ್ಮನ್ನು ನಿಮ್ಮ ಪ್ರಥಮ ಆಯ್ಕೆಯ ಆಸ್ಪತ್ರೆಯ ಬಾಗಿಲಿಗೆ ಒಯ್ಯುತ್ತದೆ. ಅಲ್ಲಿ ಜಾಗವಿದ್ದರೆ ತಾತ್ಕಾಲಿಕವಾಗಿ ಕೂರಿಸುತ್ತದೆ. ಆ ಆಸ್ಪತ್ರೆ ನಿಮಗಿಂತ ಹೆಚ್ಚು ಇಷ್ಟಪಟ್ಟವರು ಬಂದು ಜಾಗ ತುಂಬಿದರೆ ನಿಮ್ಮನ್ನು ಎಬ್ಬಿಸಿ ಎರಡನೆಯ ಆಯ್ಕೆಗೆ ಕರೆದೊಯ್ಯುತ್ತದೆ. ಗಮನಿಸಬೇಕಾದ ಅಂಶ ಇಲ್ಲಿದೆ: ಆ ಎರಡನೆಯ ಆಸ್ಪತ್ರೆಯಲ್ಲಿ ನೀವು ತಡವಾಗಿ ಬಂದವರೆಂದು ಹಿಂದೆ ನಿಲ್ಲುವುದಿಲ್ಲ. ಅದನ್ನು ಪ್ರಥಮ ಆಯ್ಕೆಯಾಗಿ ಬರೆದು ಕುಳಿತವನಿಗಿಂತ ಆಸ್ಪತ್ರೆಯ ಪಟ್ಟಿಯಲ್ಲಿ ನೀವು ಮೇಲಿದ್ದರೆ, ಜಾಗ ಬಿಡಬೇಕಾದವನು ಅವನು. ಎಲ್ಲರ ಸರದಿಯೂ ಮುಗಿಯುವವರೆಗೆ ಯಾವ ಕುರ್ಚಿಯೂ ಖಾಯಂ ಅಲ್ಲ. ಹೀಗಾಗಿ ಆಸೆಯ ಆಸ್ಪತ್ರೆಯನ್ನು ಮೊದಲು ಬರೆದು ಅದು ಕೈತಪ್ಪಿದರೂ ಕಳೆದುಕೊಳ್ಳುವುದೇನೂ ಇಲ್ಲ. ಭಯದಿಂದ ಸಣ್ಣದನ್ನು ಮೊದಲು ಬರೆದರೆ, ದೊಡ್ಡದು ನಿಮ್ಮನ್ನು ಬಯಸಿದ್ದರೂ ನಿಮಗೆ ಅದರ ಸುದ್ದಿಯೇ ತಿಳಿಯುವುದಿಲ್ಲ.

ಭಯಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆ. 2024ರ ಮ್ಯಾಚ್‌ನಲ್ಲಿ ಅಮೆರಿಕದ ಎಂ.ಡಿ. ಕಾಲೇಜುಗಳ ಅಂತಿಮ ವರ್ಷದವರಲ್ಲಿ ಶೇಕಡಾ 93.5 ಮಂದಿಗೆ ಸ್ಥಾನ ಸಿಕ್ಕಿತು. ಹೊರದೇಶದಲ್ಲಿ ಕಲಿತ, ಅಮೆರಿಕದ ಪೌರರಲ್ಲದ ವೈದ್ಯರಲ್ಲಿ ಶೇಕಡಾ 58.5 ಮಂದಿಗೆ ಮಾತ್ರ. ಆದರೆ ಈ ಅಪಾಯಕ್ಕೆ ಮದ್ದು ಕ್ರಮವನ್ನು ತಿರುಚುವುದಲ್ಲ, ಪಟ್ಟಿಯನ್ನು ಉದ್ದ ಮಾಡುವುದು. ಹೋಗಲು ಮನಸ್ಸಿರುವ ಪ್ರತಿಯೊಂದು ಸ್ಥಾನವನ್ನೂ ಬರೆಯಬೇಕು. ಮನಸ್ಸಿಲ್ಲದ ಒಂದನ್ನೂ ಬರೆಯಬಾರದು, ಏಕೆಂದರೆ ಮ್ಯಾಚ್‌ನ ಫಲಿತಾಂಶ ಒಪ್ಪಂದಕ್ಕೆ ಸಮ. ಬೇಡವೆಂದು ಎದ್ದು ಬರುವಂತಿಲ್ಲ. ನಮ್ಮ ಸಿ.ಇ.ಟಿ.ಯಲ್ಲಿ ಒಪ್ಪಿಕೊಂಡೂ ಮುಂದಿನ ಸುತ್ತಿಗೆ ಕಾಯುವ 'ಚಾಯ್ಸ್ ಎರಡು' ಇದ್ದಂತೆ ಅಲ್ಲಿ ಏನೂ ಇಲ್ಲ.

ಸಂದರ್ಶನದ ಬಳಿಕ ಕೆಲವು ಆಸ್ಪತ್ರೆಗಳಿಂದ ಸಿಹಿಯಾದ ಮಿಂಚಂಚೆಗಳು ಬರುತ್ತವೆ. ನೀವು ನಮಗೆ ಬಹಳ ಹಿಡಿಸಿದಿರಿ ಎಂಬ ಅರ್ಥದವು. ಹುಡುಗಿಗೂ ಒಂದು ಬಂದಿತ್ತು. ಅದನ್ನು ಬೀಗರ ಮನೆಯ ಉಪಚಾರದಷ್ಟೇ ನಂಬಬೇಕು.

ಹಾಗಾದರೆ ಮನಸ್ಸಿನ ಕ್ರಮ ಏನನ್ನು ನೋಡಿ ನಿರ್ಧಾರವಾಗಬೇಕು? ನಮ್ಮ ತಂದೆತಾಯಿಗಳು ನೋಡುವುದು ಆಸ್ಪತ್ರೆಯ ಹೆಸರನ್ನು, ನಗರದ ಹೆಸರನ್ನು. ನಾನು ಮೊದಲು ನೋಡಿಸಿದ್ದು ಸ್ಥಾನದ ಬಗೆಯನ್ನು. ಅವಳ ಐದರಲ್ಲೊಂದು ಹೆಸರಾಂತ ಆಸ್ಪತ್ರೆಯ 'ಪ್ರಿಲಿಮಿನರಿ' ಶಸ್ತ್ರಚಿಕಿತ್ಸಾ ಸ್ಥಾನ. ಅದು ಒಂದೇ ವರ್ಷದ್ದು, ಮುಂದಿನದಕ್ಕೆ ಭರವಸೆಯಿಲ್ಲ. ಪೂರ್ಣಾವಧಿಯ ಸಾಮಾನ್ಯ ಆಸ್ಪತ್ರೆಯೂ ಅದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಕಲಿತವರು ತಜ್ಞ ಪರೀಕ್ಷೆಯಲ್ಲಿ ಎಷ್ಟು ಪಾಸಾಗುತ್ತಾರೆ, ಮುಂದೆ ಎಲ್ಲಿಗೆ ಹೋಗುತ್ತಾರೆ ಎಂಬುದು ಆಮೇಲಿನದು. ಆಸ್ಪತ್ರೆಯ ಹಣಕಾಸನ್ನೂ ನೋಡಬೇಕು. ಫಿಲಡೆಲ್ಫಿಯಾದ ಹಾನೆಮನ್ ಆಸ್ಪತ್ರೆ 2019ರಲ್ಲಿ ದಿವಾಳಿಯೆದ್ದು ಮುಚ್ಚಿದಾಗ ಐನೂರಕ್ಕೂ ಹೆಚ್ಚು ತರಬೇತಿ ವೈದ್ಯರು ಬೀದಿಗೆ ಬಿದ್ದರು. ವೀಸಾ ಮೇಲೆ ಇದ್ದವರ ಪಾಡು ಎಲ್ಲರಿಗಿಂತ ಕಷ್ಟವಾಯಿತು. ಊರಿನಲ್ಲಿ ನಮ್ಮವರಿದ್ದಾರೆಯೇ ಎಂಬ ತಮ್ಮನ ಪ್ರಶ್ನೆಯನ್ನು ಹುಡುಗಿ ನಕ್ಕು ತಳ್ಳಿಹಾಕಿದಳು. ನಾನು ನಗಲಿಲ್ಲ. 2003ರ ನಿಯಮದ ನಂತರವೂ ವಾರಕ್ಕೆ ಸರಾಸರಿ 80 ಗಂಟೆಯವರೆಗೆ ದುಡಿಸಬಹುದಾದ ಕೆಲಸವದು. ಭಾನುವಾರ ಒಂದು ತುತ್ತು ಅನ್ನ ಸಾರು ಹಾಕುವವರಿದ್ದರೆ ಅದೂ ಒಂದು ಅರ್ಹತೆಯೇ.

ವೀಸಾದ ವಿಷಯ ಮಾತ್ರ ಬಿಡಿಸಿ ಹೇಳಬೇಕಾದದ್ದು. ಎಚ್-1ಬಿ ಕೊಡುವ ಆಸ್ಪತ್ರೆಗಳನ್ನು ಹಿಂದೆ ಕಣ್ಣುಮುಚ್ಚಿ ಮೇಲೆ ಬರೆಯುತ್ತಿದ್ದರು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ ಮೇಲೆ, ಆ ಭರವಸೆ ಕೊಟ್ಟ ಆಸ್ಪತ್ರೆಯನ್ನು ಲಿಖಿತವಾಗಿ ಕೇಳದೆ ನಂಬುವಂತಿಲ್ಲ. ಇನ್ನೊಂದು ದಾರಿ ಜೆ-1. ಅದರಲ್ಲಿ ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು, ಇಲ್ಲವೇ ವಿನಾಯಿತಿ ಪಡೆಯಬೇಕು. ಸೆನೆಟರ್ ಕಾನ್ರಾಡ್ ಹೆಸರಿನ, 1994ರಲ್ಲಿ ಆರಂಭವಾದ ಯೋಜನೆಯಡಿ ಪ್ರತಿ ರಾಜ್ಯವೂ ಈಗ ವರ್ಷಕ್ಕೆ 30 ವೈದ್ಯರಿಗೆ ಇಂಥ ವಿನಾಯಿತಿ ಶಿಫಾರಸು ಮಾಡಬಹುದು. ಬದಲಿಗೆ ಅವರು ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿಯಬೇಕು. ಅಂದರೆ ಅಮೆರಿಕ ತನ್ನ ಮಸ್ಕಿ, ಲಿಂಗಸುಗೂರುಗಳಿಗೆ ನಮ್ಮ ಮಸ್ಕಿ, ಲಿಂಗಸುಗೂರುಗಳ ಮಕ್ಕಳನ್ನು ಕಳಿಸುತ್ತಿದೆ. ನಮ್ಮ ರಾಜ್ಯವೂ 2012ರಲ್ಲಿ ಹೊಸ ವೈದ್ಯರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು. ಅದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅವರದು ಹಳ್ಳಿಯನ್ನು ಬಹುಮಾನದ ಜೊತೆ ಕಟ್ಟಿದ ವ್ಯವಸ್ಥೆ, ನಮ್ಮದು ದಂಡದ ಜೊತೆ ಕಟ್ಟಿದ್ದು. ಅಧಿಕಾರದಲ್ಲಿದ್ದಾಗ ಇದನ್ನು ಕಡತದಲ್ಲಿ ಬರೆಯುವ ಅವಕಾಶ ನನಗೆ ಬರಲಿಲ್ಲ. ಬಂದಿದ್ದರೆ ಬರೆಯುತ್ತಿದ್ದೆನೇ ಎಂಬ ಅನುಮಾನವೂ ಇದೆ.

ಹುಡುಗಿಯನ್ನು ಇಲ್ಲೇ ಇರು ಎನ್ನಲು ನನಗೆ ಬಾಯಿ ಬರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಪಟ್ಟಿ ತಿರುಗಿತ್ತು: ಆಸೆಯದು ಮೊದಲು, ಸೋದರಮಾವನ ಆಸ್ಪತ್ರೆ ನಾಲ್ಕನೆಯದು, ಪ್ರಿಲಿಮಿನರಿ ಸ್ಥಾನ ಕೊನೆಗೆ. ಮಾರ್ಚ್ ಮೊದಲ ವಾರದ ಗಡುವಿಗೆ ಮುಂಚೆ ಒತ್ತಬೇಕಾದ ಗುಂಡಿಯನ್ನು ಅವಳು ಒತ್ತಿದಳು. ಮೂರನೆಯ ಶುಕ್ರವಾರ ಬಂದದ್ದು ಅವಳ ಎರಡನೆಯ ಆಯ್ಕೆ. ಮೊದಲನೆಯದು ಸಿಗಲಿಲ್ಲವೆಂದು ಒಂದು ದಿನ ಸಪ್ಪಗಿದ್ದಳಂತೆ. ಮರುದಿನದಿಂದಲೇ ತಮ್ಮ ವೀಸಾ ಸಂದರ್ಶನದ ದಿನಾಂಕಕ್ಕಾಗಿ ನನಗೆ ಫೋನ್ ಮಾಡತೊಡಗಿದ, ಅದನ್ನೂ ನಾನೇ ಕೊಡಿಸಬಲ್ಲೆ ಎಂಬಂತೆ.