ಮೋಟಾರಿನ ಸಿಳ್ಳೆ ತಗ್ಗಿಸೋದು ಯಾರ ಕೆಲಸ?

ನಮ್ಮ ಕಡೆ ರೈತ ಮೋಟಾರು ಪರೀಕ್ಷೆ ಮಾಡೋದು ಕಿವಿಯಿಂದ. ಬದುವಿನ ಮ್ಯಾಲೆ ಕುಂತಾಗಲೇ ಗೊತ್ತಾಗತೈತಿ. ಒಂದು ಫೇಸ್ ಹೋದರ ಗುಂಯ್ ಅಂತ ನರಳತೈತಿ, ನೀರು ಬಿಟ್ಟರ ಸಪ್ಪಳ ಹಗುರಾಗತೈತಿ, ಬೇರಿಂಗ್ ಸವೆದರ ಗರಗರ ಅಂತೈತಿ.

2014ರ ಕೃಷಿ ಭಾಗ್ಯದಿಂದ ಕೃಷಿ ಹೊಂಡ ಬಂದವು. 2019ರ ಕುಸುಮ್ ಯೋಜನೆ ಆದಮ್ಯಾಲೆ ಸೋಲಾರ್ ಪಂಪು ಹೆಚ್ಚಾದವು. ಅದರ ಕಂಟ್ರೋಲರ್ ಡಬ್ಬಿಯಿಂದ ಕಿವಿ ಚುಚ್ಚುವ ಸಿಳ್ಳೆ ಶುರುವಾಯಿತು. ಹೋದ ಬ್ಯಾಸಗಿಯಲ್ಲಿ ನನ್ನ ಹೊಂಡದ ಮೋಟಾರಿನ ಬೇರಿಂಗ್ ಹೋದದ್ದು ನನಗೆ ತಿಳಿಯಲೇ ಇಲ್ಲ. ಗರಗರ ಸಪ್ಪಳ ಸಿಳ್ಳೆಯೊಳಗ ಮುಚ್ಚಿಹೋಗಿತ್ತು. ಕಡೀಗೆ ವೈಂಡಿಂಗ್ ಸುಟ್ಟಿತು.

ವಿಷಯ ಇಷ್ಟೇ. ಡಬ್ಬಿ ಪ್ಯಾನಲ್ಲಿನ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೋಟಾರಿಗೆ ಕೊಡತೈತಿ. ಆ ಲೆಕ್ಕಕ್ಕೇ ಮೋಟಾರಿನೊಳಗಿನ ಉಕ್ಕಿನ ತಗಡು ನಡುಗತಾವ. 2ರಿಂದ 4 ಸಾವಿರದ ಹತ್ತಿರ ನಮ್ಮ ಕಿವಿ ಬಲು ಚುರುಕು, ಅದಕ್ಕೇ ಸಿಳ್ಳೆ. 8 ಸಾವಿರ, 10 ಸಾವಿರಕ್ಕೆ ಏರಿಸಿದರ ಅದು ತೆಳುವಾಗತೈತಿ. ಬಹಳಷ್ಟು ಡಬ್ಬಿಗಳಲ್ಲಿ ಈ ಸೆಟ್ಟಿಂಗ್ ಇರತೈತಿ, 'ಕ್ಯಾರಿಯರ್ ಫ್ರೀಕ್ವೆನ್ಸಿ' ಅಂತಾರ.

ಹಂಗಂತ ಒಮ್ಮೆಲೇ ಏರಿಸಬಾರದು. ಹೆಚ್ಚು ಕತ್ತರಿಸಿದಷ್ಟೂ ಡಬ್ಬಿ ಕಾಯತೈತಿ, ನಮ್ಮ ಬಯಲಿನ ಬಿಸಿಲಂತೂ ಗೊತ್ತೇ ಐತಿ. ಒಂದೊಂದೇ ಮೆಟ್ಟಿಲು ಏರಿಸಿ ಮುಟ್ಟಿ ನೋಡಬೇಕು, ಡಬ್ಬಿಗೆ ನೆರಳು ಮಾಡಬೇಕು. ಬೋರಿನಾಗಿನ ಮೋಟಾರಿಗೆ ಏರಿಸೋ ಗೋಜೇ ಬೇಡ. ಸಪ್ಪಳ ಭೂಮಿಯೊಳಗ ಉಳಿಯತೈತಿ, ಉದ್ದ ಕೇಬಲ್ಲಿಗೆ ಹೆಚ್ಚು ಕತ್ತರಿಕೆ ಒಳ್ಳೇದೂ ಅಲ್ಲ.

ಕಾಯಂ ಅಯಸ್ಕಾಂತದ ಮೋಟಾರಿನ ಮಾತು ಬ್ಯಾರೆ. ಒಳಗಿನ ಗಾಲಿ ಎಲ್ಲೈತಿ ಅಂತ ತೋರಿಸೋ ಸೆನ್ಸರ್ ಇಲ್ಲದಿದ್ದರ, ಡಬ್ಬಿ ಓಡುವಾಗಿನ ಕರೆಂಟ್ ನೋಡಿ ಅಂದಾಜು ಮಾಡತೈತಿ. ನಿಂತ ಗಾಲಿಯಿಂದ ಸುಳಿವು ಸಿಗೋದಿಲ್ಲ. ಅದಕ್ಕ ಹೊರಡುವಾಗ ಕುರುಡಾಗಿ ತಳ್ಳತೈತಿ, ಇಲ್ಲವೇ ಚಿಂವ್ ಅಂತ ಕರೆಂಟಿನ ಹೊಡೆತ ಕೊಟ್ಟು ಹುಡುಕತೈತಿ. ಆ ಒಂದೆರಡು ಕ್ಷಣದ ಗೊರಕೆಗೆ ಅಂಜಬೇಕಾಗಿಲ್ಲ. ಓಡುವಾಗಲೂ ಗೊರಕೆ ನಿಲ್ಲದಿದ್ದರ ಡಬ್ಬಿಯಲ್ಲಿ ತುಂಬಿದ ಮೋಟಾರಿನ ಲೆಕ್ಕ ತಪ್ಪಿರಬಹುದು, ಕರೆಸಿ ಸರಿಮಾಡಿಸಬೇಕು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಪಂಪು ಕೂಡಿಸೋ ಅಣ್ಣಂದಿರಿಗೆ ನನ್ನ ಮಾತು: ಪಾಸ್‌ವರ್ಡ್ ಹಾಕಿ ಕೈತೊಳಕೊಂಡು ಹೋಗಬ್ಯಾಡ್ರಿ. ಬೆಳಗಿನ ತೆಳು ಬಿಸಿಲಿಗೂ ನಡುಮಧ್ಯಾಹ್ನಕ್ಕೂ ಓಡಿಸಿ ತೋರಿಸ್ರಿ, ಯಾವ ಸೆಟ್ಟಿಂಗ್ ಎಷ್ಟಕ್ಕಿಟ್ಟೀರಿ ಅಂತ ಡಬ್ಬಿಯ ಮುಚ್ಚಳದ ಒಳಗ ಕನ್ನಡದಲ್ಲಿ ಬರೆದು ಅಂಟಿಸ್ರಿ. ಅಲ್ಲೀತನಕ ರೈತರು ಸಹಿ ಹಾಕಬ್ಯಾಡ್ರಿ.