ಮನೆಗೆ ಬರುವವರು ಮನೆಮಾತು ಬಲ್ಲವರಾಗಿರಲಿ

ಅಮೆರಿಕದಲ್ಲಿ ಒಂದು ನೌಕರಿ ಇದೆ. ಅದಕ್ಕೆ ನಮ್ಮ ಕಡೆ ಸರಿಯಾದ ಹೆಸರಿಲ್ಲ. ಅಲ್ಲಿ ‘ಪೇರೆಂಟ್ ಎಜುಕೇಟರ್’ ಎನ್ನುತ್ತಾರೆ. ಚಿಕ್ಕ ಮಕ್ಕಳಿರುವ ಮನೆಗೆ ವಾರಕ್ಕೋ, ಹದಿನೈದು ದಿನಕ್ಕೋ, ತಿಂಗಳಿಗೋ ಒಮ್ಮೆ ಹೋಗುತ್ತಾರೆ. ಸುಮಾರು ಒಂದು ಗಂಟೆ ಕೂತು ಮಗುವಿನ ಬೆಳವಣಿಗೆ ಬಗ್ಗೆ ತಂದೆ ತಾಯಿಯ ಜೊತೆ ಮಾತಾಡಿ ಬರುತ್ತಾರೆ. ಇವರು ಲಸಿಕೆ ಹಾಕುವವರಲ್ಲ, ಅಕ್ಷರ ಕಲಿಸುವ ಟೀಚರೂ ಅಲ್ಲ. ಮಗುವಿನ ಜೊತೆ ಹೇಗೆ ಆಡಬೇಕು, ಏನು ಮಾತಾಡಬೇಕು, ಹಠ ಹಿಡಿದರೆ ಏನು ಮಾಡಬೇಕು, ಇವೇ ಇವರ ವಿಷಯ. ಇವರಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಬಲ್ಲವರ ಕೆಲಸದ ಬಗ್ಗೆ ಈ ಸಲ ಬರೆಯುತ್ತಿದ್ದೇವೆ.

ಅಷ್ಟು ದೂರದ ನೌಕರಿ ಕಟ್ಟಿಕೊಂಡು ನಮಗೇನು ಎಂದು ನೀವು ಕೇಳಬಹುದು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಮಗು ಬೆಳೆಸುವ ಬಗ್ಗೆ ಹೇಳಲು ಹೋಗುವವರಿಗೆ ಆ ಮನೆಯ ಮಾತು ಬಾರದಿದ್ದರೆ ಕೆಲಸ ಅರ್ಧವೇ ಆಗುತ್ತದೆ. ಮನೆಮಾತು ಬಲ್ಲವರನ್ನೇ ಕಳಿಸಬೇಕು. ಆ ಭಾಷೆಯನ್ನೂ ಒಂದು ವಿದ್ಯೆ ಎಂದು ಲೆಕ್ಕಕ್ಕೆ ಹಿಡಿದು ಸಂಬಳ ಕೊಡಬೇಕು. ಅಮೆರಿಕದಲ್ಲಿ ಈ ಮಾತು ಎದ್ದು ಕಾಣುತ್ತದೆ. ನಮ್ಮ ತಾಂಡಾ, ಹಟ್ಟಿ, ಗಡಿ ಊರುಗಳಲ್ಲಿ ಇದೇ ಸಮಸ್ಯೆ ಇದ್ದರೂ ಯಾರೂ ಕೇಳುತ್ತಿಲ್ಲ.

ಈ ಕೆಲಸ ಅಲ್ಲಿ ಹೊಸದಲ್ಲ. 1965ರಲ್ಲೇ ನ್ಯೂಯಾರ್ಕ್ ರಾಜ್ಯದಲ್ಲಿ ಫಿಲಿಸ್ ಲೆವೆನ್‌ಸ್ಟೈನ್ ಎಂಬ ಮನಶ್ಶಾಸ್ತ್ರಜ್ಞೆ ಪುಸ್ತಕ, ಆಟಿಕೆ ಹಿಡಿದು ಬಡವರ ಮನೆಗೆ ಹೋಗುವ ಕಾರ್ಯಕ್ರಮ ಶುರು ಮಾಡಿದರು. 1981ರಲ್ಲಿ ಮಿಸೌರಿ ರಾಜ್ಯದಲ್ಲಿ ‘ಪೇರೆಂಟ್ಸ್ ಆ್ಯಸ್ ಟೀಚರ್ಸ್’ ಪ್ರಯೋಗ ಆರಂಭವಾಯಿತು. ತಂದೆ ತಾಯಿಯೇ ಮೊದಲ ಗುರು ಎಂಬುದು ಅದರ ಹೆಸರಲ್ಲೇ ಇದೆ. 2010ರ ಆರೋಗ್ಯ ಕಾನೂನಿನ ಮೂಲಕ ಇಂಥ ಮನೆ ಭೇಟಿಗೆ ಅಲ್ಲಿನ ಕೇಂದ್ರ ಸರ್ಕಾರವೇ ಹಣ ಕೊಡತೊಡಗಿತು.

ಇದರಿಂದ ಪ್ರಯೋಜನ ಇದೆಯೇ? ಜಮೈಕಾ ದೇಶದ ಕಿಂಗ್‌ಸ್ಟನ್ ನಗರದಲ್ಲಿ 1986-87ರಲ್ಲಿ ಶುರುವಾದ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಬಡ ಮಕ್ಕಳ ಮನೆಗೆ ಸಮುದಾಯ ಆರೋಗ್ಯ ಸಹಾಯಕಿಯರು ಎರಡು ವರ್ಷ ವಾರಕ್ಕೊಮ್ಮೆ ಹೋದರು. ಕೈಯಾರೆ ಮಾಡಿದ ಆಟಿಕೆ ಇಟ್ಟುಕೊಂಡು, ಮಗುವಿನ ಜೊತೆ ಆಡುವುದನ್ನು ತಾಯಿಗೆ ಹೇಳಿಕೊಟ್ಟರು. ಇಪ್ಪತ್ತು ವರ್ಷ ಬಿಟ್ಟು ನೋಡಿದಾಗ ಆ ಮಕ್ಕಳ ದುಡಿಮೆ, ಇಂಥ ಭೇಟಿ ಸಿಗದ ಅಂಥದ್ದೇ ಮಕ್ಕಳ ದುಡಿಮೆಗಿಂತ ಶೇ 25ರಷ್ಟು ಹೆಚ್ಚಿತ್ತು. ಅಷ್ಟಕ್ಕೂ ಅಲ್ಲಿ ನಡೆದದ್ದು ಮಾತು ಮತ್ತು ಆಟ.

ಮಾತೇ ಇಲ್ಲಿ ಔಷಧ ಎಂದ ಮೇಲೆ ಅದು ಯಾವ ಭಾಷೆಯ ಮಾತು ಎಂದು ಕೇಳಲೇಬೇಕು. ಅಮೆರಿಕದ 2020ರ ಜನಗಣತಿ ಪ್ರಕಾರ ಅಲ್ಲಿ ಲ್ಯಾಟಿನ್ ಅಮೆರಿಕ ಮೂಲದವರೂ ಸೇರಿ ಹಿಸ್ಪಾನಿಕ್ ಜನ ಸುಮಾರು 6.2 ಕೋಟಿ. ಮನೆಯಲ್ಲಿ ಸ್ಪ್ಯಾನಿಷ್ ಆಡುವವರೇ 4 ಕೋಟಿಗೂ ಹೆಚ್ಚು. ಹೊಲದಲ್ಲಿ ಹಣ್ಣು ಕೀಳುವವರು, ಕಟ್ಟಡ ಕಟ್ಟುವವರು, ಹೋಟೆಲಿನಲ್ಲಿ ದುಡಿಯುವವರು ಇವರಲ್ಲಿ ಬಹಳ. ಇಂಥ ಮನೆಗೆ ಬರೀ ಇಂಗ್ಲಿಷ್ ಬಲ್ಲವರು ಹೋದರೆ ಏನಾಗುತ್ತದೆ?

ಮೊದಲನೆಯದು ಮರ್ಯಾದೆ. ಕನ್ನಡದಲ್ಲಿ ನೀನು, ನೀವು ಇರುವಂತೆ ಸ್ಪ್ಯಾನಿಷಿನಲ್ಲಿ ‘ತು’, ‘ಉಸ್ತೆದ್’ ಇವೆ. ಇಂಗ್ಲಿಷಿನಲ್ಲಿ ಈ ಭೇದವೇ ಇಲ್ಲ. ಮನೆಯ ಅಜ್ಜಿಯನ್ನು ಮೊದಲ ದಿನವೇ ‘ತು’ ಎಂದು ಕರೆದರೆ ಮುಂದಿನ ಮಾತು ಅಜ್ಜಿಯ ಕಿವಿಗೆ ಹೋಗುವುದು ಕಷ್ಟ. ಮಗು ಏನು ತಿನ್ನಬೇಕು, ಎಲ್ಲಿ ಮಲಗಬೇಕು ಎಂದು ತೀರ್ಮಾನಿಸುವವರು ಎಷ್ಟೋ ಮನೆಗಳಲ್ಲಿ ಅಜ್ಜಿಯೇ.

ಎರಡನೆಯದು ನಂಬಿಕೆಗಳು. ಮೆಕ್ಸಿಕೊ ಮತ್ತು ಅದರ ಸುತ್ತಲ ದೇಶಗಳಲ್ಲಿ ಹೆರಿಗೆಯಾದ ಮೇಲೆ ಸುಮಾರು ನಲವತ್ತು ದಿನದ ಬಾಣಂತನ ಇದೆ. ಅದಕ್ಕೆ ‘ಕ್ವಾರೆಂತೇನಾ’ ಎನ್ನುತ್ತಾರೆ. ಥಂಡಿ ತಾಗಬಾರದು, ಕೆಲವು ಆಹಾರ ತಿನ್ನಬಾರದು, ಭಾರದ ಕೆಲಸ ಮಾಡಬಾರದು. ಕೇಳಿದರೆ ನಮ್ಮ ಅಮ್ಮಂದಿರ ಮಾತಿನಂತೆಯೇ ಇದೆ. ಮಗುವಿಗೆ ದೃಷ್ಟಿ ತಾಗುತ್ತದೆ ಎಂದು ಕೈಗೆ ಕೆಂಪು ದಾರ ಕಟ್ಟುವವರೂ ಇದ್ದಾರೆ. ಇದನ್ನೆಲ್ಲ ತಿಳಿಯದವರು ಬಂದರೆ ಒಂದೋ ನಗುತ್ತಾರೆ, ಇಲ್ಲವೇ ಬೈಯುತ್ತಾರೆ. ತಿಳಿದವರು ಯಾವುದರಿಂದ ಅಪಾಯವಿಲ್ಲವೋ ಅದನ್ನು ಹಾಗೇ ಬಿಟ್ಟು, ಅಪಾಯ ಇರುವುದನ್ನು ಮಾತ್ರ ಹಿಡಿದು ಮಾತಾಡುತ್ತಾರೆ. ದಾರ ಇರಲಿ, ಆದರೆ ಬಿಗಿಯಾಗದಂತೆ, ಮಗು ಬಾಯಿಗೆ ಹಾಕದಂತೆ ನೋಡಿಕೊಳ್ಳಿ ಎನ್ನುತ್ತಾರೆ.

ಮೂರನೆಯದು ಪದಗಳ ಎಡವಟ್ಟು. ಪುಸ್ತಕದ ಸ್ಪ್ಯಾನಿಷ್ ಕಲಿತರೆ ಸಾಲದು. ‘ಗ್ವಾಗ್ವಾ’ ಎಂದರೆ ಕ್ಯೂಬಾದವರಿಗೆ ಬಸ್ಸು, ಚಿಲಿ, ಈಕ್ವೆಡಾರ್ ಕಡೆಯವರಿಗೆ ಹಸುಗೂಸು. ಇಂಗ್ಲಿಷಿನಲ್ಲಿ ‘ಒನ್ಸ್’, ಅಂದರೆ ಒಂದು ಸಲ, ಎಂದು ಬರೆಯುವ ನಾಲ್ಕು ಅಕ್ಷರಗಳನ್ನೇ ಸ್ಪ್ಯಾನಿಷಿನಲ್ಲಿ ‘ಓನ್ಸೆ’ ಎಂದು ಓದುತ್ತಾರೆ. ಅದರ ಅರ್ಥ ಹನ್ನೊಂದು. ಔಷಧದ ಬಾಟಲಿ ಮೇಲೆ ದಿನಕ್ಕೆ ಒಂದು ಸಲ ಎಂದು ಇಂಗ್ಲಿಷಿನಲ್ಲಿ ಬರೆದರೆ ಸ್ಪ್ಯಾನಿಷ್ ತಾಯಿ ಏನೆಂದು ಓದಬೇಕು?

ಹಾಗಾದರೆ ಮನೆಯಲ್ಲಿ ಇಂಗ್ಲಿಷ್ ಕಲಿತ ದೊಡ್ಡ ಮಗು ಇದೆಯಲ್ಲ, ಅದೇ ಅನುವಾದ ಮಾಡಲಿ ಎನ್ನುವವರಿದ್ದಾರೆ. ವಲಸೆ ಬಂದವರ ಮನೆಗಳಲ್ಲಿ ಹೀಗೆ ನಡೆಯುವುದು ಸಾಮಾನ್ಯ. ಹೆರಿಗೆಯಾದ ಮೇಲೆ ನಿಮಗೆ ಅಳು ಬರುತ್ತಿದೆಯೇ, ಬದುಕು ಬೇಡ ಅನ್ನಿಸುತ್ತಿದೆಯೇ, ಗಂಡ ಹೊಡೆಯುತ್ತಾನೆಯೇ ಎಂದು ಎಂಟು ವರ್ಷದ ಮಗನ ಬಾಯಿಂದ ತಾಯಿಗೆ ಕೇಳಿಸಬಹುದೇ? ತಾಯಿ ಅವನ ಎದುರು ನಿಜ ಹೇಳುತ್ತಾಳೆಯೇ? ಇದು ಆ ಮಗುವಿನ ಹೆಗಲಿಗೆ ಹಾಕುವ ಹೊರೆಯಲ್ಲ.

ಇನ್ನೊಂದು ವಾದ ಇನ್ನೂ ಗಟ್ಟಿಯಾಗಿದೆ. ಇಂಗ್ಲಿಷ್ ಬಂದರೆ ಮಗು ಉದ್ಧಾರ, ಆದ್ದರಿಂದ ಮನೆಯಲ್ಲೂ ಇಂಗ್ಲಿಷನ್ನೇ ಆಡಿ ಎಂಬ ವಾದ. ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಜನರೇ ಮತ ಹಾಕಿ ಶಾಲೆಗಳಲ್ಲಿ ಎರಡು ಭಾಷೆಯ ಕಲಿಕೆಗೆ ಬಹುಮಟ್ಟಿಗೆ ತಡೆ ಹಾಕಿದ್ದರು. 2016ರಲ್ಲಿ ಅದೇ ಜನ ಮತ ಹಾಕಿ ಆ ತಡೆ ತೆಗೆದರು. 2025ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆ ಎಂದು ಆದೇಶ ಹೊರಡಿಸಿದರು. ಇಂಗ್ಲಿಷ್ ಬಾರದವರಿಗೆ ಭಾಷಾ ನೆರವು ಕೊಡಬೇಕು ಎಂಬ 2000ನೇ ಇಸವಿಯ ಆದೇಶವನ್ನೂ ಹಿಂತೆಗೆದರು. ಗಾಳಿ ಈಗ ಆ ಕಡೆ ಬೀಸುತ್ತಿದೆ.

ಇಂಗ್ಲಿಷ್ ಬೇಡ ಎಂದು ನಾವು ಹೇಳುವುದಿಲ್ಲ. ಅಲ್ಲಿ ಬದುಕಲು ಅದು ಬೇಕೇ ಬೇಕು. ಆದರೆ ಅರೆಬರೆ ಇಂಗ್ಲಿಷ್ ಬಲ್ಲ ತಾಯಿ ಮಗುವಿನ ಜೊತೆ ಅದರಲ್ಲೇ ಮಾತಾಡಲು ಹೊರಟರೆ ‘ಕಮ್’, ‘ಈಟ್’, ‘ನೋ’ ಎಂಬಷ್ಟಕ್ಕೇ ಮಾತು ನಿಲ್ಲುತ್ತದೆ. ತನ್ನ ಭಾಷೆಯಲ್ಲಾದರೆ ಕಥೆ ಹೇಳುತ್ತಾಳೆ, ಒಗಟು ಕೇಳುತ್ತಾಳೆ, ಏಕೆ ಬೇಡ ಎಂದು ಕಾರಣ ಕೊಡುತ್ತಾಳೆ. ಎರಡು ಭಾಷೆ ಕೇಳಿದರೆ ಮಗುವಿಗೆ ಮಾತು ತಡವಾಗುತ್ತದೆ ಎಂಬ ಭಯ ಇದೆ. ಎರಡು ಭಾಷೆ ಕಲಿಯುವುದೇ ಮಾತಿನ ತೊಂದರೆಗೆ ಕಾರಣವಾಗುವುದಿಲ್ಲ ಎಂದು ಅಮೆರಿಕದ ವಾಕ್ ತಜ್ಞರ ಸಂಘವೇ ಹೇಳುತ್ತದೆ. ಮಗುವಿಗೆ ಎಷ್ಟು ಪದ ಬರುತ್ತದೆ ಎಂದು ಎಣಿಸುವಾಗ ಎರಡೂ ಭಾಷೆಯ ಪದಗಳನ್ನು ಸೇರಿಸಿ ಎಣಿಸಬೇಕು. ಇಂಗ್ಲಿಷ್ ಮಾತ್ರ ಬಲ್ಲವರು ಬಂದರೆ ಅರ್ಧ ಎಣಿಸಿ, ಮಗು ಹಿಂದುಳಿದಿದೆ ಎಂದು ಬರೆದು ಹೋಗುತ್ತಾರೆ.

ಇಷ್ಟು ಬೆಲೆಬಾಳುವ ಕೆಲಸಗಾರರನ್ನು ನಡೆಸಿಕೊಳ್ಳುವ ರೀತಿ ಮಾತ್ರ ಸರಿಯಿಲ್ಲ. ಎರಡು ಭಾಷೆ ಬಲ್ಲವರು ಮನೆಗೆ ಹೋದರೆ ಮಗುವಿನ ವಿಷಯವಷ್ಟೇ ಅಲ್ಲ, ಶಾಲೆಯಿಂದ ಬಂದ ಪತ್ರ, ಆಸ್ಪತ್ರೆಯ ಫಾರಂ, ಬಾಡಿಗೆಯ ಕರಾರು ಎಲ್ಲ ಮುಂದೆ ಬಂದು ಬೀಳುತ್ತವೆ. ಆಫೀಸಿಗೆ ಮರಳಿದರೆ ಸಹೋದ್ಯೋಗಿಗಳ ಅನುವಾದದ ಕೆಲಸವೂ ಇವರ ತಲೆಗೇ. ಹೀಗೆ ಹೆಚ್ಚು ದುಡಿದರೂ ಎಲ್ಲ ಕಡೆ ಹೆಚ್ಚು ಸಂಬಳ ಇಲ್ಲ. ಭಾಷೆ ಹುಟ್ಟಿನಿಂದ ಬಂದದ್ದಲ್ಲವೇ, ಅದಕ್ಕೇಕೆ ದುಡ್ಡು ಎಂಬ ಭಾವನೆ ಇದರ ಹಿಂದಿದೆ. ಕುಂಬಾರನ ಮಗನಿಗೂ ಮಡಕೆ ಕೆಲಸ ಮನೆಯಿಂದಲೇ ಬಂದದ್ದು. ಹಾಗೆಂದು ಮಡಕೆ ಪುಕ್ಕಟೆ ಕೊಡು ಎನ್ನುತ್ತೇವೆಯೇ?

ಸ್ಪ್ಯಾನಿಷ್ ಬಂದರೆ ಎಲ್ಲ ಮುಗಿಯಿತು ಎಂದೂ ಅಲ್ಲ. ಗ್ವಾಟೆಮಾಲಾದಿಂದ ಬಂದ ಎಷ್ಟೋ ಕುಟುಂಬಗಳ ಮನೆಮಾತು ಮಾಮ್ ಅಥವಾ ಕಿಚೆ. ಮೆಕ್ಸಿಕೊದ ಓಹಾಕಾ ಕಡೆಯವರಲ್ಲಿ ಮಿಸ್ತೆಕೊ, ಸಪೊತೆಕೊ ಆಡುವವರಿದ್ದಾರೆ. ಅವರಿಗೆ ಸ್ಪ್ಯಾನಿಷ್ ಕೂಡ ಎರಡನೆಯ ಭಾಷೆ. ಮೆಕ್ಸಿಕೊದವರು ಎಂದ ಕೂಡಲೇ ಸ್ಪ್ಯಾನಿಷಿನಲ್ಲಿ ಶುರು ಮಾಡಿದರೆ, ಅವರು ತಲೆಯಾಡಿಸುತ್ತಾರೆಯೇ ಹೊರತು ಅರ್ಥವಾಗಿರುವುದಿಲ್ಲ.

ಈ ಮಾತು ಓದುವಾಗ ನಿಮಗೆ ನಿಮ್ಮೂರೇ ನೆನಪಾಗಿರಬೇಕು. ನಮ್ಮಲ್ಲೂ ಮನೆ ಭೇಟಿ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಆಮೇಲೆ 3, 6, 9, 12, 15ನೇ ತಿಂಗಳಿಗೂ ಬರಬೇಕು. ಮೂರು ವರ್ಷದೊಳಗಿನ ಮಕ್ಕಳ ಜೊತೆ ಆಟ, ಮಾತು ಹೇಗಿರಬೇಕು ಎಂದು ಕೇಂದ್ರ ಸರ್ಕಾರ 2024ರಲ್ಲಿ ‘ನವಚೇತನ’ ಎಂಬ ಮಾರ್ಗಸೂಚಿಯನ್ನೂ ಹೊರಡಿಸಿದೆ. ಆಶಾ ಅಕ್ಕ ಅದೇ ಊರಿನವರಾಗಿರಬೇಕು ಎಂಬ ನಿಯಮ ಒಳ್ಳೆಯದೇ. ಆದರೆ ಊರು ಒಂದೇ ಆದರೂ ಮಾತು ಒಂದೇ ಅಲ್ಲ. ಊರಲ್ಲಿ ಕನ್ನಡ, ಪಕ್ಕದ ತಾಂಡಾದಲ್ಲಿ ಲಂಬಾಣಿ. ಕೋಲಾರದ ಕಡೆ ತೆಲುಗು, ಬೀದರ್ ಕಡೆ ಉರ್ದು, ಮರಾಠಿ, ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ. ಹೊಸದಾಗಿ ಬಂದ ಸೊಸೆಗೆ ಕನ್ನಡ ಬರುತ್ತದೆಯೇ ಎಂದು ಯಾವ ರಿಜಿಸ್ಟರಿನಲ್ಲಿ ಬರೆಯುತ್ತೇವೆ?

ನಾವು ಕೇಳುವುದು ಮೂರೇ ಮಾತು. ತಾಯಿ ಕಾರ್ಡಿನಲ್ಲಿ ಮನೆಮಾತು ಯಾವುದು ಎಂದು ಬರೆಯಲು ಒಂದು ಸಾಲು ಇರಲಿ. ಬೇರೆ ಮಾತಿನ ಮನೆಗಳು ಹೆಚ್ಚಿರುವ ಕಡೆ ಆ ಮಾತು ಬಲ್ಲವರನ್ನೇ ಆಶಾ, ಅಂಗನವಾಡಿ ಕೆಲಸಕ್ಕೆ ತೆಗೆದುಕೊಳ್ಳಲಿ. ಎರಡು ಭಾಷೆಯಲ್ಲಿ ದುಡಿಯುವವರ ಗೌರವಧನದಲ್ಲಿ ಅದು ಕಾಣಲಿ. ಈಗ ಸಿಗುವ ಪ್ರೋತ್ಸಾಹಧನಕ್ಕೇ ಅವರು ಬೀದಿಯಲ್ಲಿ ಕೂರಬೇಕಾಗಿದೆ ಎಂಬುದು ನಮಗೂ ಗೊತ್ತು. ಆದರೂ ಕೇಳುವಾಗ ಇದನ್ನೂ ಸೇರಿಸಿ ಕೇಳಬೇಕು.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದೂ ಇದೆ. ಮಗುವಿನ ಜೊತೆ ನಿಮಗೆ ಚೆನ್ನಾಗಿ ಬರುವ ಮಾತಿನಲ್ಲೇ ಮಾತಾಡಿ, ಅದು ಯಾವುದೇ ಇರಲಿ. ಆಶಾ ಅಕ್ಕ ಹೇಳಿದ್ದು ಅರ್ಥವಾಗದಿದ್ದರೆ ಸುಮ್ಮನೆ ತಲೆಯಾಡಿಸಬೇಡಿ, ಇನ್ನೊಮ್ಮೆ ಹೇಳಿ ಎನ್ನಿ. ನಿಮ್ಮ ಓಣಿಯಲ್ಲಿ ಮನೆಮಾತಿನ ಕಾರಣಕ್ಕೆ ಆರೋಗ್ಯದ ಮಾಹಿತಿ ಮುಟ್ಟದ ಮನೆಗಳಿದ್ದರೆ ನಮಗೆ ತಿಳಿಸಿ. ತಾಯಂದಿರ ಹೆಸರು ಬೇಡ, ಊರು ಮತ್ತು ಭಾಷೆ ಬರೆದರೆ ಸಾಕು.